ನಡುವನ್ನೂ ಒಮ್ಮೆ ಕೇಳಬೇಕು

ಕಳೆದ ತಿಂಗಳು ಹೈದರಾಬಾದಿನಿಂದ ಈ ಅಂಕಣ ಬರಲಿಲ್ಲ. ಸಂಪಾದಕರು ಎರಡು ಸಲ ನೆನಪಿಸಿದರು. "ಒಂದು ಶೇಂಗಾಕಾಯಿಯ ಚಿತ್ರ ಬಿಡಿಸ್ತಾ ಇದ್ದೀನಿ, ಮುಗಿಸಿ ಬರೀತೀನಿ" ಅಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಅವರು ಸುಮ್ಮನಾದರು. ತಮಾಷೆಯಲ್ಲ. ಆರು ವಾರ ಸಂಜೆಯೆಲ್ಲ ಆ ಶೇಂಗಾಕಾಯಿಯಲ್ಲೇ ಕಳೆಯಿತು. ಆ ಕಥೆಯನ್ನೇ ಈ ಸಲ ಬರೆಯುತ್ತಿದ್ದೇನೆ.

ಹಳೆಯ ಓದುಗರಿಗೆ ಗೊತ್ತು, ನನ್ನ ಹೊಟ್ಟೆಪಾಡು ಪುಟ ಜೋಡಣೆಯದು. ಪರದೇಶದ ಪತ್ರಿಕೆಗಳಿಗೆ ಬರುವ ಗಣಿತ, ಭೌತಶಾಸ್ತ್ರದ ಲೇಖನಗಳನ್ನು ಲಾಟೆಕ್‌ನಲ್ಲಿ ಅಚ್ಚಿಗೆ ಸಿದ್ಧಮಾಡುವ ಕೆಲಸ. ಹಗಲೆಲ್ಲ ಇಂಗ್ಲಿಷ್ ಪುಟ, ಸಂಜೆ ಮನೆಗೆ ಬಂದ ಮೇಲೆ ಒಂದಿಷ್ಟು ಕನ್ನಡ. ಮಾಸ್ತರರ ಪುಸ್ತಕ ಈ ಸಂಜೆಯ ಲೆಕ್ಕಕ್ಕೆ ಸೇರಿದ್ದು.

ಮಾಸ್ತರರು ಸೇಡಂ ತಾಲ್ಲೂಕಿನವರು. ನಮ್ಮ ಶಿವಮೊಗ್ಗದ ಕಡೆ 'ಮೇಷ್ಟ್ರು' ಅನ್ನುತ್ತೇವೆ. ಅವರೂರಲ್ಲಿ ಎಲ್ಲರೂ 'ಮಾಸ್ತರ' ಅನ್ನುತ್ತಾರೆ, ನಾನೂ ಹಾಗೇ ರೂಢಿ ಮಾಡಿಕೊಂಡಿದ್ದೇನೆ. ವಯಸ್ಸು ಎಪ್ಪತ್ತೆಂಟು. ನಿವೃತ್ತರಾಗುವವರೆಗೂ ಹೈಸ್ಕೂಲಿನಲ್ಲಿ ಗಣಿತ ಹೇಳಿದವರು. ಈಗ ಕಣ್ಣಿನ ಪರದೆಯ ಕಾಯಿಲೆ. ಎರಡು ಮೂರು ತಿಂಗಳಿಗೊಮ್ಮೆ ವಾಡಿ–ಸಿಕಂದರಾಬಾದ್ ದಾರಿಯ ರೈಲು ಹತ್ತಿ ಇಲ್ಲಿಗೆ ಬಂದು ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಂಡು, ಮಿಯಾಪುರದ ಮಗನ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗುತ್ತಾರೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಒಂದು ರಾಜ್ಯೋತ್ಸವದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಭಾಷಣ ನಡೆದಿದ್ದಾಗ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, "ಇದನ್ನ ಪುಸ್ತಕ ಮಾಡಿಕೊಡ್ತೀರೇನು?" ಅಂದರು. ಹೈಸ್ಕೂಲು ಮಕ್ಕಳಿಗೆ 'ಮೈ' ಎಂದರೇನು ಎಂದು ತಿಳಿಸುವ ಅರವತ್ತು ಪುಟ. ಚೆಂಡಿನ ಮೈ, ಗುಮ್ಮಟದ ಮೈ, ಹನಿಯ ಮೈ.

ಮೊದಲ ಅಧ್ಯಾಯ ಅವರ ಊರಿನ ಹೆಮ್ಮೆ. ಸೇಡಂ ತಾಲ್ಲೂಕಿನಲ್ಲೇ ಕಾಗಿಣಾ ನದಿಯ ದಡದಲ್ಲಿ ಮಳಖೇಡ ಇದೆ, ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲಕ್ಕೆ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಇಲ್ಲಿಯವರಿಗೂ ಅದು ಪರಕೀಯವಲ್ಲ. 11ನೆಯ ಶತಮಾನದಲ್ಲೇ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದಿದ್ದ. ಆ ಗ್ರಂಥದಲ್ಲಿ ಯಜ್ಞಕುಂಡದಂತೆ ತಗ್ಗಾದ, ಆಮೆಯ ಬೆನ್ನಿನಂತೆ ಉಬ್ಬಿದ ಮೈಗಳ ವಿಸ್ತೀರ್ಣಕ್ಕೆ ಒಂದು ಸೂತ್ರವಿದೆ. ಅದನ್ನು ಹೀಗೆ ಅರ್ಥಮಾಡಬಹುದು: ಅಂಚಿನ ಸುತ್ತಳತೆಯ ಕಾಲುಭಾಗವನ್ನು, ಮೈಯ ಮೇಲೆ ದಾರ ಇಟ್ಟು ಅಳೆದ ಅಗಲದಿಂದ ಗುಣಿಸಬೇಕು. ಚಪ್ಪಟೆ ತಟ್ಟೆಗೆ ಈ ಲೆಕ್ಕ ಪೂರ್ತಿ ಸರಿ. ಸ್ವಲ್ಪ ಉಬ್ಬಿದ ಆಮೆಗೂ ಹತ್ತಿರ. ಅರ್ಧಗೋಳಕ್ಕೆ ಬಂದರೆ ನಿಜವಾದ ವಿಸ್ತೀರ್ಣಕ್ಕಿಂತ ಶೇಕಡಾ 21ರಷ್ಟು ಕಡಿಮೆ ಬರುತ್ತದೆ. ಮಾಸ್ತರರು ಇದನ್ನು ಮುಚ್ಚಿಡದೆ ಬರೆದಿದ್ದಾರೆ. "ದೊಡ್ಡವರು ಹೇಳ್ಯಾರ ಅಂತ ಬಿಡಬಾರದು, ಅರ್ಧಗೋಳಕ್ಕ ಹಾಕಿ ನೋಡಬೇಕು" ಅನ್ನುವುದು ಅವರ ಮಾತು. ಈ ಮಾತು ಮುಂದೆ ನನ್ನ ಮೇಲೇ ತಿರುಗಲಿತ್ತು.

ತೊಂದರೆ ಶುರುವಾದದ್ದು ಚಿತ್ರಗಳಿಂದ. ಮೊದಲ ಕರಡನ್ನು ಪಿಡಿಎಫ್ ಮಾಡಿ ಕಳಿಸಿದ್ದೆ. ಮಾಸ್ತರರು ಕಾಗದದಲ್ಲಿ ಓದಲಾರರು. ಟ್ಯಾಬ್ಲೆಟ್ಟಿನಲ್ಲಿ ಎಂಟು ಪಟ್ಟು ಹಿಗ್ಗಿಸಿ, ಒಂದು ಸಲಕ್ಕೆ ಎರಡು ಮೂರು ಪದ ಕಾಣುವಂತೆ ಇಟ್ಟುಕೊಂಡು ಓದುತ್ತಾರೆ. ಫೋನಿನಲ್ಲಿ ಕೇಳಿದರು: "ಅಕ್ಷರ ಎಷ್ಟು ಹಿಗ್ಗಿಸಿದ್ರೂ ಸಾಫ್ ಇರ್ತಾವ. ಚಿತ್ರ ಮಾತ್ರ ಯಾಕ್ರಿ ಹಂಗ ಹರಿದು ಚೂರಾಗ್ತದ?"

ಒಳ್ಳೆಯ ಪ್ರಶ್ನೆ. ಅಕ್ಷರವೆಂಬುದು ಪಿಡಿಎಫ್‌ನೊಳಗೆ ಚುಕ್ಕೆಗಳ ಗುಂಪಲ್ಲ, ಗೆರೆಯ ವಿವರಣೆ. 'ಇಲ್ಲಿಂದ ಹೊರಡು, ಈ ಕಡೆ ಬಾಗು, ಅಲ್ಲಿ ಮುಗಿಸು' ಎಂಬಂತೆ. ನಮ್ಮ 'ಠ' ಎಂಬ ದುಂಡಗಿನ ಅಕ್ಷರವನ್ನು ಕೆಲವೇ ಬಾಗುಗೆರೆಗಳಲ್ಲಿ ಹೇಳಿ ಮುಗಿಸಬಹುದು. ಆ ಬಾಗುಗೆರೆಗಳಿಗೆ ಫ್ರಾನ್ಸಿನ ರೆನೊ ಕಾರು ಕಾರ್ಖಾನೆಯ ಇಂಜಿನಿಯರ್ ಪಿಯರ್ ಬೆಜಿಯೆ ಹೆಸರಿದೆ. ಕಾರಿನ ಮೈ ವಿನ್ಯಾಸಕ್ಕೆ ಹುಟ್ಟಿದ ಗಣಿತ ಅಕ್ಷರಕ್ಕೂ ಬಂತು. ಹಿಗ್ಗಿಸಿದಾಗ ಯಂತ್ರ ಆ ವಿವರಣೆಯನ್ನು ಹೊಸದಾಗಿ ಓದಿ ಗೆರೆ ಎಳೆಯುತ್ತದೆ, ಅದಕ್ಕೇ ಒಡೆಯುವುದಿಲ್ಲ. ಇದೇ ವೆಕ್ಟರ್ ಚಿತ್ರ. ನಾನು ಹಾಕಿದ್ದು ಚುಕ್ಕೆಗಳಿಂದಾದ ಪಿಕ್ಸೆಲ್ ಚಿತ್ರ. ಹಿಗ್ಗಿಸಿದರೆ ಚುಕ್ಕೆಗಳೇ ಚೌಕವಾಗಿ ಕಾಣುತ್ತವೆ. ಕಣ್ಣು ನೆಟ್ಟಗಿರುವವರಿಗೆ ಇದು ಅಂದದ ಮಾತು, ಮಾಸ್ತರರಿಗೆ ಚಿತ್ರ ಇದೆಯೋ ಇಲ್ಲವೋ ಎಂಬ ಮಾತು.

"ಎಲ್ಲಾ ವೆಕ್ಟರ್ ಮಾಡಿಕೊಡ್ತೀನಿ ಸರ" ಅಂದೆ. ಚೆಂಡು, ಗುಮ್ಮಟ ಒಂದೇ ಸಂಜೆಯಲ್ಲಿ ಮುಗಿದವು. ಕೊನೆಯ ಅಧ್ಯಾಯದ ಹನಿಗಳಲ್ಲಿ ಸಿಕ್ಕಿಬಿದ್ದೆ.

ಆ ಅಧ್ಯಾಯ ಹೀಗಿದೆ. ಕತ್ತಲ ಕೋಣೆಯಲ್ಲಿ ಎರಡು ಮೀಟರ್ ಅಂತರದಲ್ಲಿ ಎರಡು ಪುಟ್ಟ ದೀಪ. ದೀಪದಿಂದ ದೂರ ಹೋದಂತೆ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ: ಒಂದು ಮೀಟರಿನಲ್ಲಿ 1 ಎಂದುಕೊಂಡರೆ, ಎರಡು ಮೀಟರಿನಲ್ಲಿ ಕಾಲು. ಎರಡೂ ದೀಪದ ಬೆಳಕು ಕೂಡಿಸಿ. ಒಟ್ಟು ಬೆಳಕು ಸರಿಯಾಗಿ 3 ಇರುವ ಜಾಗಗಳನ್ನೆಲ್ಲ ಸೇರಿಸಿದರೆ ಒಂದು ಮೈ ಸಿಗುತ್ತದೆ: ಪ್ರತಿ ದೀಪದ ಸುತ್ತ ಒಂದೊಂದು ಉಂಡೆ. ಬೆಳಕು 1.5 ಇರುವ ಜಾಗಗಳನ್ನು ಸೇರಿಸಿದರೆ ಎರಡೂ ಉಂಡೆ ಕೂಡಿ, ನಡುವೆ ಸೊಂಟವಿರುವ ಶೇಂಗಾಕಾಯಿ. ಸರಿಯಾಗಿ 2 ಆದರೆ ಎರಡೂ ಒಂದೇ ಬಿಂದುವಿನಲ್ಲಿ ಮುಟ್ಟಿಕೊಂಡಿರುತ್ತವೆ. ಎರಡು ಹನಿ ಸೇರುವುದನ್ನು ಒಂದೇ ಸಮೀಕರಣದಲ್ಲಿ ತೋರಿಸಿದಂತಾಯಿತು.

ಇಂಥ ಸಮೀಕರಣಕ್ಕೆ ಅವ್ಯಕ್ತ ಸಮೀಕರಣ, ಇಂಪ್ಲಿಸಿಟ್ ಅನ್ನುತ್ತಾರೆ. ಮೈ ಎಲ್ಲಿದೆ ಎಂದು ಅದು ತಾನಾಗಿ ಹೇಳುವುದಿಲ್ಲ. ನೀವೊಂದು ಜಾಗ ತೋರಿಸಿ ಕೇಳಿದರೆ, 'ಇಲ್ಲಿ ಬೆಲೆ ಇಷ್ಟು' ಅನ್ನುತ್ತದೆ. ಒಳಗೋ ಹೊರಗೋ ಎಂದು ನಾವು ತಿಳಿದುಕೊಳ್ಳಬೇಕು.

ಹೈದರಾಬಾದಿನವರಿಗೆ ಇದು ಹೊಸದಲ್ಲ. ಕೆರೆಯ ದಡವೂ ಇಂಥದೇ ಗೆರೆ. ಹುಸೇನ್ ಸಾಗರದ ಪೂರ್ಣ ಮಟ್ಟ 513.41 ಮೀಟರ್. ಅಂದರೆ ಕೆರೆ ತುಂಬಿದಾಗಿನ ದಡವೆಂದರೆ, ಸುತ್ತಲಿನ ನೆಲದ ಎತ್ತರ ಸರಿಯಾಗಿ 513.41 ಇರುವ ಜಾಗಗಳ ಸಾಲು. 2024ರಲ್ಲಿ ಹೈಡ್ರಾ ಸಂಸ್ಥೆ ಬಂದು ಕೆರೆಯಂಗಳದ ಕಟ್ಟಡಗಳನ್ನು ಕೆಡವತೊಡಗಿದ ಮೇಲೆ ಎಫ್‌ಟಿಎಲ್ ಎಂಬ ಮಾತು ಇಲ್ಲಿ ತರಕಾರಿ ಅಂಗಡಿಯಲ್ಲೂ ಕೇಳಿಬರುತ್ತದೆ. ಅದೇ ಈ ಪೂರ್ಣ ಮಟ್ಟದ ಗೆರೆ. ಮನೆ ಕಟ್ಟಿದವನಿಗೆ ಆ ಗೆರೆಯ ಒಳಗೋ ಹೊರಗೋ ಎಂಬುದು ಜೀವನದ ಪ್ರಶ್ನೆ. ಸರ್ವೇಯವರು ನೆಲದ ಪ್ರತಿ ಅಂಗುಲವನ್ನೂ ಅಳೆಯಲಾರರು. ಅಲ್ಲಲ್ಲಿ ಎತ್ತರ ಅಳೆದು, ಒಂದು ಕಡೆ ಹೆಚ್ಚು, ಪಕ್ಕದಲ್ಲಿ ಕಡಿಮೆ ಇದ್ದರೆ ಗೆರೆ ಅವೆರಡರ ನಡುವೆ ಹಾದಿರಬೇಕು ಎಂದು ಎಳೆಯುತ್ತಾರೆ.

ಕಂಪ್ಯೂಟರೂ ಮಾಡುವುದು ಇದನ್ನೇ. ಮೊದಲು ಹಾಳೆಯ ಮೇಲಿನ ಚಿತ್ರವನ್ನಷ್ಟೇ ನೋಡೋಣ. ಜಾಗವನ್ನೆಲ್ಲ ಚೌಕುಳಿಗಳಾಗಿ ಹರಡುತ್ತದೆ, ಪ್ರತಿ ಮೂಲೆಯಲ್ಲೂ ಬೆಲೆ ಕೇಳುತ್ತದೆ. ನಾಲ್ಕು ಮೂಲೆ, ಪ್ರತಿಯೊಂದೂ ಒಳಗೆ ಅಥವಾ ಹೊರಗೆ, ಒಟ್ಟು 16 ಬಗೆ. ಒಂದು ಅಂಚಿನ ಎರಡು ತುದಿಗಳಲ್ಲಿ ಒಂದು ಒಳಗೆ, ಇನ್ನೊಂದು ಹೊರಗೆ ಇದ್ದರೆ ಗೆರೆ ಆ ಅಂಚನ್ನು ದಾಟಿದೆ. ಎಲ್ಲಿ ದಾಟಿದೆ ಎಂದು ಅಂಚನ್ನು ಅರ್ಧ ಅರ್ಧ ಮಾಡುತ್ತ ಹೋದರೆ, ಹತ್ತು ಸಲಕ್ಕೆ ಜಾಗ 1024ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೂರು ಆಯಾಮದಲ್ಲಿ ಚೌಕುಳಿ ಬದಲು ಘನ, ಎಂಟು ಮೂಲೆ, 256 ಬಗೆ. ತಿರುಗಿಸಿ, ಒಳ-ಹೊರಗೆ ಅದಲು ಬದಲು ಮಾಡಿದಾಗ ಒಂದೇ ಆಗುವವನ್ನು ಬಿಟ್ಟರೆ 15 ಉಳಿಯುತ್ತವೆ. 1987ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಲಾರೆನ್ಸನ್ ಮತ್ತು ಕ್ಲೈನ್ ಇದನ್ನು ಪ್ರಕಟಿಸಿದರು, ಆಸ್ಪತ್ರೆಯ ಸ್ಕ್ಯಾನುಗಳಿಂದ ಮೂಳೆಯ ಮೈ ಬಿಡಿಸಲು. 'ಮಾರ್ಚಿಂಗ್ ಕ್ಯೂಬ್ಸ್' ಎಂದು ಹೆಸರು. ಘನಗಳು ಒಂದಾದ ಮೇಲೊಂದು ಸಿಪಾಯಿಗಳಂತೆ ನಡೆಯುತ್ತವೆ.

ನಾನೂ ಮೊದಲು ಹಾಗೇ ಮಾಡಿದೆ. ಸಾವಿರಾರು ಪುಟ್ಟ ತ್ರಿಕೋನಗಳ ಶೇಂಗಾಕಾಯಿ ಬಂತು. ಪರದೆಯ ಮೇಲೆ ಚೆನ್ನಾಗಿತ್ತು. ಪಿಡಿಎಫ್‌ಗೆ ಇಳಿಸಿದಾಗ ಎರಡು ಕಾಟ. ಒಂದು, ಪಿಡಿಎಫ್ ಪುಟಕ್ಕೆ ಆಳವೆಂಬುದಿಲ್ಲ. ಕೊನೆಗೆ ಬಳಿದ ಬಣ್ಣ ಮೇಲೆ ಕೂರುತ್ತದೆ, ಅಷ್ಟೇ. ಹಾಗಾಗಿ ಗೋಡೆಗೆ ಚಿತ್ರ ಬರೆಯುವವರಂತೆ ದೂರದ ತ್ರಿಕೋನ ಮೊದಲು, ಹತ್ತಿರದ್ದು ಆಮೇಲೆ ಎಂದು ಸಾಲು ಹಚ್ಚಬೇಕು. ಬುಟ್ಟಿಯ ಹೆಣಿಗೆಯಂತೆ ಮೂರು ತುಂಡುಗಳು ಒಂದರ ಮೇಲೊಂದು ಸುತ್ತಿಕೊಂಡರೆ ಯಾವ ಸಾಲೂ ಸರಿಹೋಗುವುದಿಲ್ಲ, ತುಂಡನ್ನೇ ಕತ್ತರಿಸಬೇಕು. ಎರಡನೆಯದು, ಅಕ್ಕಪಕ್ಕದ ತ್ರಿಕೋನಗಳ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ. ಅಂಚನ್ನು ನಯಮಾಡಲು ಹೋಗಿ ಯಂತ್ರ ಎರಡೂ ಕಡೆ ಸ್ವಲ್ಪ ಹಿನ್ನೆಲೆ ಬೆರೆಸುತ್ತದೆ. ಎಂಟು ಪಟ್ಟು ಹಿಗ್ಗಿಸಿ ನೋಡುವ ಮಾಸ್ತರರಿಗೆ ಶೇಂಗಾಕಾಯಿಗೆ ಬಲೆ ಹಾಕಿದಂತೆ ಕಂಡಿತು. ಮೇಲಾಗಿ ಆ ಒಂದು ಚಿತ್ರ ಇಡೀ ಪುಸ್ತಕಕ್ಕಿಂತ ಭಾರ. ಅವರ ಟ್ಯಾಬ್ಲೆಟ್ಟು ಆ ಪುಟಕ್ಕೆ ಬಂದಾಗಲೆಲ್ಲ ನಿಂತು ಉಸಿರೆಳೆಯುತ್ತಿತ್ತು.

ಅಸಿಂಪ್ಟೋಟ್ ಎಂಬ ಉಚಿತ ತಂತ್ರಾಂಶದಲ್ಲಿ ಇಂಥ ಮೈಗಳನ್ನು ತ್ರಿಕೋನದ ಬದಲು ಬಾಗಿದ ತೇಪೆಗಳಿಂದ ಹೊಲಿಯುವ ಸೌಲಭ್ಯವಿದೆ, ಅದನ್ನೂ ನೋಡಿದೆ. ಆದರೆ ಮಾಸ್ತರರಿಗೆ ಬಣ್ಣ, ಹೊಳಪು ಬೇಕಿರಲಿಲ್ಲ. "ನಮ್ಮ ಕಾಲದ ಪುಸ್ತಕದಾಗ ಇರ್ತಿತ್ತಲ್ರಿ, ಹೊರಗೆರೆ ಒಂದು, ಮ್ಯಾಲ ನಾಲ್ಕು ಬಳಿ, ಹಿಂದಿಂದು ತುಂಡು ಗೆರಿ. ಅಷ್ಟ ಸಾಕು" ಅಂದರು. ಅವರ ಕಣ್ಣಿಗೆ ದಪ್ಪ ಕಪ್ಪು ಗೆರೆ ಕಂಡಂತೆ ಬೂದು ಛಾಯೆ ಕಾಣುವುದಿಲ್ಲ.

ಹೊರಗೆರೆಯನ್ನು ಹೇಗೆ ಹುಡುಕುವುದು? ಅದಕ್ಕೂ ಒಂದು ಸಮೀಕರಣವಿದೆ. ಗುಮ್ಮಟದ ಅಂಚು ನಮಗೆ ಕಾಣುವುದು ಎಲ್ಲಿ? ನಮ್ಮ ನೋಟ ಮೈಯನ್ನು ಚುಚ್ಚದೆ ಸವರಿಕೊಂಡು ಹೋಗುವ ಕಡೆ. ಮೈಗೆ ನೆಟ್ಟಗೆ ನಿಂತ ದಿಕ್ಕು ಮತ್ತು ನಮ್ಮ ನೋಟದ ದಿಕ್ಕು ಅಲ್ಲಿ ಒಂದಕ್ಕೊಂದು ಲಂಬ. ಈ ಷರತ್ತನ್ನು ಮೊದಲ ಸಮೀಕರಣದ ಜೊತೆಗಿಟ್ಟು ಬಿಡಿಸಿದರೆ ಸಿಗುವುದು ತ್ರಿಕೋನಗಳ ರಾಶಿಯಲ್ಲ, ಒಂದೇ ಗೆರೆ. ಅದರ ಪ್ರತಿ ಬಿಂದುವಿನಲ್ಲೂ ಗೆರೆ ಯಾವ ಕಡೆ ಹೊರಟಿದೆ ಎಂದೂ ಲೆಕ್ಕದಿಂದ ಗೊತ್ತಾಗುತ್ತದೆ. ಹಾಗಾಗಿ ಸಾವಿರ ಚಿಕ್ಕ ತುಂಡು ಬೇಡ, ಹತ್ತಿಪ್ಪತ್ತು ಬೆಜಿಯೆ ಬಾಗುಗಳು ಸಾಕು. ನಮ್ಮ ಹನಿಗಳನ್ನು ನೇರ ಪಕ್ಕದಿಂದ ನೋಡಿದರೆ ಕೆಲಸ ಇನ್ನೂ ಹಗುರ: ನಟ್ಟನಡುವೆ ಉದ್ದಕ್ಕೆ ಸೀಳಿದಾಗ ಸಿಗುವ ಗೆರೆಯೇ ಹೊರಗೆರೆ.

ಗೆರೆ ಅಷ್ಟು ನಯವಾಗಿ ಬಂದದ್ದು ನೋಡಿ ನನಗೆ ಹುಮ್ಮಸ್ಸು ಹೆಚ್ಚಾಯಿತು. ಚೌಕುಳಿ ದೊಡ್ಡದು ಮಾಡುತ್ತ ಹೋದೆ. 0.6 ಮೀಟರಿನ ಚೌಕುಳಿಯಲ್ಲೂ ಚಿತ್ರ ಬೆಣ್ಣೆಯಂತೆ ಬಂತು. ನಾಲ್ಕು ಚಿತ್ರ: ಬೆಳಕು 3, 2.1, 2, 1.5. ಮುಟ್ಟಿಕೊಂಡ 2ರ ಚಿತ್ರ ಬಲು ನಾಜೂಕಿನದು ಎಂದು ಗೊತ್ತಿತ್ತು, ಅದನ್ನು ಕೈಯಲ್ಲೇ ಲೆಕ್ಕಹಾಕಿ ಎಳೆದೆ. ಉಳಿದವನ್ನು ಯಂತ್ರಕ್ಕೆ ಬಿಟ್ಟೆ. ಇಡೀ ಪುಸ್ತಕ ಒಂದು ವಾಟ್ಸಾಪ್ ಫೋಟೋದಷ್ಟು ಹಗುರವಾಯಿತು.

ಮಾಸ್ತರರು ಇಂಜೆಕ್ಷನ್ನಿಗೆ ಬಂದಾಗ ಮಲಕ್‌ಪೇಟೆಯಲ್ಲಿ ಮೆಟ್ರೊ ಹತ್ತಿ ಮಿಯಾಪುರಕ್ಕೆ ಹೋದೆ. ಒಂದು ಕಣ್ಣಿಗೆ ಪಟ್ಟಿ ಇತ್ತು. ಸೊಸೆ ಚಹಾ ತಂದುಕೊಟ್ಟರು. ಮಾಸ್ತರರು ಟ್ಯಾಬ್ಲೆಟ್ಟನ್ನು ಮುಖದ ಹತ್ತಿರ ಹಿಡಿದು, ಬೆರಳಿನಿಂದ ಗೆರೆಯ ಮೇಲೆ ಸಾಗುತ್ತ ಬಂದರು. 3ರ ಚಿತ್ರ ಆಯಿತು. ಮುಂದಿನದರಲ್ಲಿ ಬೆರಳು ನಿಂತಿತು.

"ಇದು ಎಷ್ಟರದು?"

"2.1ರದು ಸರ."

"ನಟ್ಟನಡುವ ಬೆಳಕು ಎಷ್ಟದ?"

"ಎರಡೂ ದೀಪಕ್ಕೆ ಒಂದೊಂದು ಮೀಟರು. ಒಂದು, ಒಂದು, ಎರಡು."

"ಎರಡು 2.1ಕ್ಕಿಂತ ಹೆಚ್ಚೋ ಕಡಿಮಿನೋ?"

ನನಗೆ ಆಗಲೇ ಹೊಳೆದಿತ್ತು. ಆದರೂ ಅವರು ಬಿಡಲಿಲ್ಲ, ಮಾಸ್ತರಲ್ಲವೇ.

"ಕಡಿಮಿ ಅಂದ್ರ ನಡು ಹೊರಗ ಇರಬೇಕು. ನೀವು ಒಳಗ ಮಾಡೀರಿ. ಕೂಡಲಾರದವನ್ನ ಹ್ಯಾಂಗ ಕೂಡಿಸಿದ್ರಿ?"

ಚಿತ್ರದಲ್ಲಿ ಎರಡು ಉಂಡೆ ಸೇರಿ ಅಂದವಾದ ಸೊಂಟದ ಶೇಂಗಾಕಾಯಿ ಆಗಿತ್ತು. ನಿಜದಲ್ಲಿ ಅವೆರಡರ ನಡುವೆ ಸುಮಾರು ಕಾಲು ಮೀಟರ್ ಕಿಂಡಿ ಇರಬೇಕಿತ್ತು. ಎರಡು ಮೀಟರ್ ಅಂತರದ ದೀಪಗಳಿಗೆ ಕಾಲು ಮೀಟರ್ ಸಣ್ಣ ತಪ್ಪಲ್ಲ. ಅದನ್ನು ಕಂಡುಹಿಡಿದದ್ದು ಆ ಕೋಣೆಯಲ್ಲಿ ಎಲ್ಲರಿಗಿಂತ ಕಡಿಮೆ ಕಾಣುವವರು. ನಾನು ಆ ಚಿತ್ರವನ್ನು ನೂರು ಸಲ ನೋಡಿದ್ದೆ. ಗೆರೆಯ ನಯ ನೋಡುತ್ತಿದ್ದೆ.

ಮನೆಗೆ ಬಂದು ಹುಡುಕಿದೆ. ತಪ್ಪು ತಂತ್ರಾಂಶದ್ದಲ್ಲ. ನನ್ನ ದೊಡ್ಡ ಚೌಕುಳಿಗಳಲ್ಲಿ ಒಂದು ಸರಿಯಾಗಿ ನಡುವಿನ ಮೇಲೆ ಕೂತಿತ್ತು. ಅದರ ನಾಲ್ಕು ಮೂಲೆಗಳಲ್ಲೂ ಬೆಳಕು ಸುಮಾರು 2.29. ನಾಲ್ಕೂ 'ಒಳಗೆ' ಅಂದವು. ನಾಲ್ಕೂ ಒಳಗಿದ್ದ ಮೇಲೆ ಆ ಚೌಕುಳಿಯಲ್ಲಿ ಗೆರೆಯೇ ಇಲ್ಲ ಎಂದು ಯಂತ್ರ ಮುಂದೆ ಹೋಯಿತು. ನಡುವಿನ ಕಿಂಡಿಯನ್ನು ಯಾರೂ ಕೇಳಲಿಲ್ಲ. ಎರಡೂ ಪಕ್ಕದ ಗೆರೆಗಳನ್ನು ಬೆಜಿಯೆ ಬಾಗು ನಯವಾಗಿ ಹೊಲಿದುಬಿಟ್ಟಿತು. ಚುಕ್ಕೆಯ ಚಿತ್ರವಾಗಿದ್ದರೆ ಅಲ್ಲೆಲ್ಲೋ ಒರಟಾಗಿ ಕಂಡು ಅನುಮಾನ ಬರುತ್ತಿತ್ತೇನೋ. ವೆಕ್ಟರ್ ಗೆರೆ ಎಷ್ಟು ಹಿಗ್ಗಿಸಿದರೂ ಚೂಪು. ಸರಿಯಿದ್ದರೂ ಚೂಪು, ತಪ್ಪಿದ್ದರೂ ಅಷ್ಟೇ ಚೂಪು.

ಪರಿಹಾರ ಮೂರು ತರಹ. ಚೌಕುಳಿಯನ್ನು ನಾಲ್ಕಾಗಿ ಸೀಳಿದರೆ ನಡುವಿನ ಬಿಂದುವೇ ಒಂದು ಮೂಲೆಯಾಗುತ್ತದೆ, ಗುಟ್ಟು ಬಯಲಾಗುತ್ತದೆ. ಆದರೆ ಇನ್ನೂ ಸಣ್ಣ ಕಿಂಡಿ ಇನ್ನೊಂದು ಕಡೆ ಅಡಗಿರಬಹುದು. ಎರಡನೆಯದು, ಬಿಂದುವಿನ ಬೆಲೆ ಕೇಳುವ ಬದಲು, ಇಡೀ ಚೌಕುಳಿಯಲ್ಲಿ ಬೆಲೆ ಎಷ್ಟಕ್ಕಿಂತ ಇಳಿಯಲಾರದು, ಎಷ್ಟಕ್ಕಿಂತ ಏರಲಾರದು ಎಂದು ಕೇಳುವುದು. 2.1 ಆ ಮಿತಿಗಳ ಆಚೆ ಇದೆ ಎಂದು ಖಾತ್ರಿಯಾದರೆ ಮಾತ್ರ ಆ ಚೌಕುಳಿಯನ್ನು ಬಿಡಬೇಕು, ಅನುಮಾನವಿದ್ದರೆ ಸೀಳಬೇಕು. ಇದಕ್ಕೆ ಇಂಟರ್ವಲ್ ಅರಿತ್‌ಮೆಟಿಕ್ ಎಂದು ಹೆಸರು, ರೇಮನ್ ಮೂರ್ 1966ರಲ್ಲೇ ಅದರ ಮೇಲೆ ಪುಸ್ತಕ ಬರೆದಿದ್ದಾರೆ. ಮೂರನೆಯದು ಮಾಸ್ತರರ ದಾರಿ: ಯಂತ್ರಕ್ಕೆ ಕೊಡುವ ಮೊದಲು, ಎರಡು ಹನಿ ಸೇರುವ ಆಯಕಟ್ಟಿನ ಜಾಗ ಯಾವುದು ಎಂದು ಹುಡುಕಿ ಅಲ್ಲಿ ಕೈಯಲ್ಲೇ ಲೆಕ್ಕ ಹಾಕುವುದು. ಬೆಲೆ ಯಾವ ಕಡೆಗೂ ಏರಿಳಿಯದೆ ಕ್ಷಣ ನಿಲ್ಲುವ ಜಾಗ ಅದು, ಬೆಟ್ಟಗಳ ನಡುವಿನ ಕಣಿವೆದಾರಿಯಂತೆ. ಮೈಯ ಆಕಾರ ಒಂದರಿಂದ ಎರಡಾಗುವುದು ಅಲ್ಲಿಯೇ. ನಮ್ಮ ಲೆಕ್ಕದಲ್ಲಿ ಅಂಥ ಜಾಗ ಒಂದೇ, ನಟ್ಟನಡು. ಒಂದು ಮತ್ತೊಂದು ಎರಡು ಎಂಬಷ್ಟು ಸುಲಭ.

ಮೂರನ್ನೂ ಮಾಡಿದೆ. ಜೊತೆಗೆ ಕೆಲಸದಲ್ಲೂ ಒಂದು ಅಭ್ಯಾಸ ಹಿಡಿದಿದ್ದೇನೆ. ಯಾವುದೇ ಲೇಖನದ ಚಿತ್ರ ಬಂದರೂ, ಅದರ ಸಮೀಕರಣದಲ್ಲಿ ಕೈಯಲ್ಲಿ ಮಾಡಬಹುದಾದ ಒಂದು ಬಿಂದು ಆರಿಸಿ ಹಾಕಿ ನೋಡುವುದು. ಎರಡು ನಿಮಿಷದ ಕೆಲಸ. ಅರ್ಧಗೋಳಕ್ಕೆ ಹಾಕಿ ನೋಡುವುದೆಂದರೆ ಇದೇ.

ನಮ್ಮಂಥ ಹೊರನಾಡಿನವರಿಗೆ ಕನ್ನಡದಲ್ಲಿ ಅಚ್ಚಾಗುವ ಒಂದೊಂದು ವಿಜ್ಞಾನದ ಪುಸ್ತಕವೂ ಸಂಭ್ರಮ. ಚೆಂದವಾಗಿ ಅಚ್ಚಾದರೆ ಸಾಕು ಅನ್ನಿಸಿಬಿಡುತ್ತದೆ. ಸೇಡಂ ಕಡೆಯ ಯಾವುದೋ ಹಳ್ಳಿಯ ಹುಡುಗಿ ಆ ಚಿತ್ರ ನೋಡಿ, 2.1ಕ್ಕೆ ಹನಿ ಕೂಡುತ್ತದೆ ಎಂದು ನಂಬಿ, ತನ್ನ ಲೆಕ್ಕವೇ ತಪ್ಪು ಎಂದು ಹೊಡೆದುಹಾಕಿದ್ದರೆ? ಪುಸ್ತಕದಲ್ಲಿರುವುದು ಸರಿ ಎಂದೇ ಮಕ್ಕಳು ನಂಬುವುದು.

ಮೊನ್ನೆ ಮಾಸ್ತರರು ಮತ್ತೆ ಬಂದಿದ್ದರು. ಹೊಸ ಪಿಡಿಎಫ್ ತೆರೆದು, ಹಿಗ್ಗಿಸಿ, 2.1ರ ಚಿತ್ರಕ್ಕೆ ಬಂದರು. ಎಡಗಡೆಯ ಉಂಡೆಯ ಸುತ್ತ ಬೆರಳು ಆಡಿಸಿ, ನಡುವಿನ ಬಿಳಿ ಜಾಗದಲ್ಲಿ ಮೇಲಿಂದ ಕೆಳಗೆ ಒಂದು ಸಲ ಎಳೆದರು.

"ಈಗ ಬೆರಳು ಹಾಯ್ತದ ನೋಡ್ರಿ" ಅಂದರು. "ಮುಂದಿನದು ಯಾವ ಪುಟ?"